ಪಾಸ್‌ಪೋರ್ಟ್ ಚಿಪ್ ಓದಿದ ಮೇಲೆ ಏನಾಗುತ್ತದೆ?

ಈಗಿನ ಪಾಸ್‌ಪೋರ್ಟ್‌ಗಳ ಹೊದಿಕೆಯ ಮೇಲೆ ಒಂದು ಪುಟ್ಟ ಗುರುತು ಇರುತ್ತದೆ. ಆಯತದ ನಡುವೆ ಒಂದು ವೃತ್ತ, ಅಷ್ಟೇ. ಒಳಗೆ ಎಲೆಕ್ಟ್ರಾನಿಕ್ ಚಿಪ್ ಇದೆ ಅಂತ ಅದರ ಅರ್ಥ. 1998ರಲ್ಲಿ ಮಲೇಷ್ಯಾ ಮೊದಲ ಸಲ ಚಿಪ್ ಇರುವ ಪಾಸ್‌ಪೋರ್ಟ್ ಹೊರತಂದಿತು. ಈಗ ನೂರಕ್ಕೂ ಹೆಚ್ಚು ದೇಶಗಳು ಕೊಡುತ್ತಿವೆ. ಭಾರತ 2008ರಲ್ಲಿ ರಾಜತಾಂತ್ರಿಕ ಪಾಸ್‌ಪೋರ್ಟ್‌ಗಳಿಂದ ಶುರು ಮಾಡಿ, 2024ರಿಂದ ಜನಸಾಮಾನ್ಯರಿಗೂ ಕೊಡತೊಡಗಿತು.

ಚಿಪ್ ಕಾಲಿಟ್ಟಲ್ಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ. ಜನಜಂಗುಳಿಯಲ್ಲಿ ಪಕ್ಕ ನಿಂತವನು ನನ್ನ ಬ್ಯಾಗಿನೊಳಗಿನ ಪಾಸ್‌ಪೋರ್ಟನ್ನು ಗುಟ್ಟಾಗಿ ಓದಿಬಿಡಬಹುದಾ? ಈ ಭಯ ಹುರುಳಿಲ್ಲದ್ದೇನಲ್ಲ. ಆದರೆ ಇಪ್ಪತ್ತು ವರ್ಷಗಳಲ್ಲಿ ಅದಕ್ಕೆ ಸಾಕಷ್ಟು ಮದ್ದು ಅರೆಯಲಾಗಿದೆ. ನನಗೆ ಜಾಸ್ತಿ ತಲೆಬಿಸಿ ತರುವುದು ಬೇರೆ ವಿಷಯ. ಕದ್ದು ಓದುವವರ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು, ನಾವಾಗಿಯೇ ಕೈಗೆ ಕೊಟ್ಟು ಓದಿಸಿಕೊಳ್ಳುವವರ ಬಗ್ಗೆ ಏನೂ ಕೇಳುವುದಿಲ್ಲ. ಓದಿದ ಮೇಲೆ ಆ ಮಾಹಿತಿ ಎಲ್ಲಿ ಉಳಿಯುತ್ತದೆ, ಎಷ್ಟು ದಿನ, ಯಾರ ಕೈಯಲ್ಲಿ?

ಮೊದಲು ಚಿಪ್‌ನಲ್ಲಿ ಏನಿದೆ ಅಂತ ನೋಡೋಣ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, 9303 ಎಂಬ ಸಂಖ್ಯೆಯ ದಾಖಲೆಯಲ್ಲಿ ಇದರ ನಿಯಮಗಳನ್ನು ಬರೆದಿಟ್ಟಿದೆ. ಹೆಸರು, ಹುಟ್ಟಿದ ದಿನ, ಲಿಂಗ, ಪೌರತ್ವ, ಪಾಸ್‌ಪೋರ್ಟ್ ಸಂಖ್ಯೆ, ಅವಧಿ ಮುಗಿಯುವ ದಿನ ಮತ್ತು ಮುಖದ ಫೋಟೊ ಕಡ್ಡಾಯ. ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಆಯಾ ದೇಶಕ್ಕೆ ಬಿಟ್ಟದ್ದು. ಇಷ್ಟಕ್ಕೂ ಸೇರಿಸಿ, ಪಾಸ್‌ಪೋರ್ಟ್ ಕೊಟ್ಟ ಸರ್ಕಾರದ ಡಿಜಿಟಲ್ ಸಹಿ ಇರುತ್ತದೆ. ಚಿಪ್‌ನಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಓದುವ ಯಂತ್ರ ಹತ್ತಿರ ಬಂದಾಗ ಅದರ ರೇಡಿಯೊ ಅಲೆಗಳಿಂದಲೇ ಚಿಪ್ ವಿದ್ಯುತ್ ಪಡೆದು ಎಚ್ಚರಗೊಳ್ಳುತ್ತದೆ. ಹಾಗಾಗಿ "ಉಪಗ್ರಹದಿಂದ ನಮ್ಮನ್ನು ಹಿಂಬಾಲಿಸುತ್ತಾರೆ" ಅನ್ನುವ ಮಾತು ಸುಮ್ನೆ ಗಾಳಿಸುದ್ದಿ.

ಚಿಪ್ ಓದುವುದು ಹೇಗಿರುತ್ತದೆ ಅಂತ ನೋಡಲು ಎನ್‌ಎಫ್‌ಸಿ, ಅಂದರೆ ತೀರಾ ಹತ್ತಿರದ ಚಿಪ್ ಜೊತೆ ರೇಡಿಯೊ ಅಲೆಗಳಲ್ಲಿ ಮಾತಾಡುವ ಸೌಲಭ್ಯ, ಇರುವ ಫೋನ್ ಸಾಕು. ಇದಕ್ಕೆಂದೇ ಆ್ಯಪ್‌ಗಳಿವೆ. ಮೊದಲು ಫೋಟೊ ಇರುವ ಪುಟದ ಕೆಳಗಿನ ಎರಡು ಸಾಲುಗಳನ್ನು ಕ್ಯಾಮೆರಾಕ್ಕೆ ತೋರಿಸಬೇಕು. ಬಾಣದ ತಲೆಯಂಥ ಚಿಹ್ನೆಗಳು ತುಂಬಿರುವ, ಒಂದೊಂದರಲ್ಲೂ 44 ಅಕ್ಷರಗಳಿರುವ ಸಾಲುಗಳು ಅವು. ಆಮೇಲೆ ಫೋನನ್ನು ಪುಸ್ತಕಕ್ಕೆ ಒತ್ತಿ ಹಿಡಿದು ನಿಧಾನಕ್ಕೆ ಸರಿಸುತ್ತಾ ಹೋಗಬೇಕು. ಎಲ್ಲೋ ಒಂದು ಕಡೆ ಫೋನ್ ಸಣ್ಣಗೆ ನಡುಗುತ್ತದೆ. ಅಲ್ಲಿಂದ ಸ್ವಲ್ಪ ಜರುಗಿದರೂ ಸಂಪರ್ಕ ಕಡಿದು ಮತ್ತೆ ಮೊದಲಿನಿಂದ ಶುರು. ಕೆಲವು ಸೆಕೆಂಡುಗಳ ನಂತರ ಹೆಸರು, ಹುಟ್ಟಿದ ದಿನ, ಫೋಟೊ ಪರದೆಯ ಮೇಲೆ ಬರುತ್ತವೆ. ಆ ಫೋಟೊ ಗಮನಿಸಬೇಕಾದ್ದು. ಪುಟದ ಮೇಲೆ ಅಚ್ಚಾದ ಫೋಟೊಗೆ ಗೆರೆಗಳು, ಹೊಳೆಯುವ ಚಿತ್ತಾರಗಳು ಅಡ್ಡ ಬಂದಿರುತ್ತವೆ. ಚಿಪ್‌ನಲ್ಲಿರುವುದು ಅದ್ಯಾವುದೂ ಇಲ್ಲದ, ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಹೇಳಿಮಾಡಿಸಿದ ಶುಭ್ರ ಚಿತ್ರ.

ಫೋನ್ ಇಷ್ಟು ಸತಾಯಿಸುವುದಕ್ಕೆ ಕಾರಣವಿದೆ. ಈ ಚಿಪ್‌ಗಳನ್ನು ಓದುವ ದೂರ ಹೆಚ್ಚೆಂದರೆ 10 ಸೆಂಟಿಮೀಟರ್ ಇರಲಿ ಎಂದೇ ವಿನ್ಯಾಸ ಮಾಡಿದ್ದಾರೆ. ಅದನ್ನು ಹಿಗ್ಗಿಸಬಹುದು, ನಿಜ. 2006ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಅಗ್ಗದ ಬಿಡಿಭಾಗಗಳಿಂದ ಮಾಡಿದ ಯಂತ್ರದಲ್ಲಿ ಇದೇ ಜಾತಿಯ ಚಿಪ್ಪನ್ನು ಸುಮಾರು 25 ಸೆಂಟಿಮೀಟರ್‌ನಿಂದ ಓದಿ ತೋರಿಸಿದರು. ಅಧಿಕೃತ ಯಂತ್ರವೊಂದು ಚಿಪ್ ಜೊತೆ ಮಾತಾಡುತ್ತಿರುವಾಗ ಆ ಮಾತುಕತೆಯನ್ನು ಕದ್ದು ಕೇಳುವುದಾದರೆ ಕೆಲವು ಮೀಟರ್ ದೂರದಿಂದಲೂ ಆಗುತ್ತದೆ. ಬೀದಿಯ ಆಚೆ ಬದಿಯಿಂದ ಓದುವುದಂತೂ ಈ ಚಿಪ್‌ಗಳಲ್ಲಿ ಆಗದ ಮಾತು.

ಆದರೆ ಇದಕ್ಕೆ ಒಂದು ಅಪವಾದ ಇದೆ. ಅಮೆರಿಕ 2008ರಲ್ಲಿ ಕೊಡಲು ಶುರು ಮಾಡಿದ ಪಾಸ್‌ಪೋರ್ಟ್ ಕಾರ್ಡ್. ಕೆನಡಾ, ಮೆಕ್ಸಿಕೊ ಗಡಿಯಲ್ಲಿ ಕಾರುಗಳ ಸಾಲು ಬೇಗ ಕರಗಲಿ ಅಂತ ಅದರಲ್ಲಿ ಬೇಕೆಂದೇ ದೂರದಿಂದ ಓದಬಲ್ಲ ಬೇರೆ ಜಾತಿಯ ಚಿಪ್ ಹಾಕಿದರು. 2009ರಲ್ಲಿ ಒಬ್ಬ ಸಂಶೋಧಕರು ಸುಮಾರು 250 ಡಾಲರ್‌ನ ಸಲಕರಣೆಯನ್ನು ಕಾರಿನಲ್ಲಿಟ್ಟುಕೊಂಡು ಸ್ಯಾನ್ ಫ್ರಾನ್ಸಿಸ್ಕೊ ಬೀದಿಗಳಲ್ಲಿ ಓಡಾಡಿದರು. ದಾರಿಹೋಕರ ಜೇಬಿನಲ್ಲಿದ್ದ ಕೆಲವು ಕಾರ್ಡ್‌ಗಳ ಸಂಖ್ಯೆ ಅವರಿಗೆ ಸಿಕ್ಕಿಯೇ ಬಿಟ್ಟಿತು. ಆ ಚಿಪ್‌ನಲ್ಲಿ ಹೆಸರು, ಫೋಟೊ ಇಲ್ಲ, ಬರೀ ಒಂದು ಸಂಖ್ಯೆ ಇದೆ ಅಂತ ಸರ್ಕಾರದ ಸಮಜಾಯಿಷಿ. ಆದರೆ ಬದಲಾಗದ ಸಂಖ್ಯೆ ಇದ್ದರೆ ಸಾಕಲ್ವಾ? ಈ ಬಾಗಿಲಲ್ಲಿ ಹೋದವರೇ ನಾಳೆ ಆ ಬಾಗಿಲಲ್ಲಿ ಬಂದರು ಅಂತ ತಿಳಿಯಲು ಹೆಸರೇ ಬೇಕಿಲ್ಲ.

ಜನ ದನಿ ಎತ್ತಿದ್ದಕ್ಕೆ ಬಂದ ಬೀಗ

ಇವತ್ತು ಚಿಪ್ ಓದುವ ಮುನ್ನ ಆ ಎರಡು ಸಾಲುಗಳನ್ನು ತೋರಿಸಬೇಕು ಅಂದೆನಲ್ಲ, ಆ ಬೀಗ ಎಲ್ಲ ಕಡೆ ಮೊದಲಿನಿಂದ ಇರಲಿಲ್ಲ. ಬೆಲ್ಜಿಯಂ 2004ರ ಕೊನೆಯಿಂದ 2006ರ ಮಧ್ಯದವರೆಗೆ ಕೊಟ್ಟ ಪಾಸ್‌ಪೋರ್ಟ್‌ಗಳಲ್ಲಿ ಯಾವ ರಕ್ಷಣೆಯೂ ಇರಲಿಲ್ಲ. ಹತ್ತಿರ ಹೋದ ಯಾವ ಯಂತ್ರವಾದರೂ ಫೋಟೊ, ಸಹಿಯ ಚಿತ್ರ ಸಮೇತ ಎಲ್ಲವನ್ನೂ ಎತ್ತಿಕೊಳ್ಳಬಹುದಿತ್ತು. 2007ರಲ್ಲಿ ಅಲ್ಲಿನದೇ ವಿಶ್ವವಿದ್ಯಾಲಯದವರು ಇದನ್ನು ಬಯಲಿಗೆ ತಂದರು.

ಅಮೆರಿಕವೂ ಮೊದಲು ಬೀಗವಿಲ್ಲದ ಚಿಪ್ಪನ್ನೇ ಹಾಕಲು ಹೊರಟಿತ್ತು. 2005ರಲ್ಲಿ ಕರಡು ನಿಯಮ ಪ್ರಕಟಿಸಿ ಜನಾಭಿಪ್ರಾಯ ಕೇಳಿದಾಗ 2,335 ಪ್ರತಿಕ್ರಿಯೆಗಳು ಬಂದವು. ಅದರಲ್ಲಿ ಶೇ. 98.5ರಷ್ಟು ವಿರೋಧವೇ. ವಿದೇಶದ ಬೀದಿಯಲ್ಲಿ "ಈತ ಅಮೆರಿಕನ್" ಅಂತ ದೂರದಿಂದಲೇ ಗೊತ್ತಾದರೆ ಗತಿ ಏನು ಎಂಬುದು ಹಲವರ ಭಯ. ಸರ್ಕಾರ ಮಣಿಯಿತು. ಹೊದಿಕೆಯೊಳಗೆ ಅಲೆಗಳನ್ನು ತಡೆಯುವ ಲೋಹದ ಪದರ ಸೇರಿಸಿತು, ಚಿಪ್‌ಗೂ ಬೀಗ ಹಾಕಿತು. 2006ರಲ್ಲಿ ಪಾಸ್‌ಪೋರ್ಟ್ ಕೊಡಲು ಶುರು ಮಾಡಿದಾಗ ಎರಡೂ ಇದ್ದವು. ಅಭಿಪ್ರಾಯ ಕೇಳುವುದು ಬರೀ ಶಾಸ್ತ್ರಕ್ಕೆ ಅನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಆ ಮೊದಲ ಬೀಗಕ್ಕೆ ಬಿಎಸಿ ಅಂತ ಹೆಸರು. ಅದರ ಕೀಲಿ ತಯಾರಾಗುವುದು ಮೂರು ವಿಷಯಗಳಿಂದ: ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಮೂರೂ ಆ ಎರಡು ಸಾಲುಗಳಲ್ಲಿವೆ. ಪುಸ್ತಕ ತೆರೆದು ತೋರಿಸಿದವರ ಚಿಪ್ ಮಾತ್ರ ತೆರೆದುಕೊಳ್ಳಲಿ ಎಂಬುದು ಲೆಕ್ಕಾಚಾರ. ಲೆಕ್ಕಾಚಾರವೇನೋ ಚೆನ್ನಾಗಿದೆ, ಕೀಲಿಯೇ ದುರ್ಬಲ. ನೆದರ್ಲೆಂಡ್ಸ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆಗಳು ಕೊಟ್ಟ ದಿನಾಂಕಕ್ಕೆ ತಕ್ಕಂತೆ ಸಾಲಾಗಿ ಏರುತ್ತಿದ್ದವು. ವಯಸ್ಸನ್ನು ಅಂದಾಜು ಮಾಡಿ, ಸಂಖ್ಯೆಯ ಜಾಡು ಹಿಡಿದರೆ ಊಹಿಸಬೇಕಾದ ಸಾಧ್ಯತೆಗಳು 35 ಬಿಟ್‌ಗೆ ಇಳಿಯುತ್ತಿದ್ದವು. ಅಂದರೆ ಸುಮಾರು 3,400 ಕೋಟಿ. ಮನುಷ್ಯರಿಗೆ ದೊಡ್ಡ ಸಂಖ್ಯೆ, ಕಂಪ್ಯೂಟರ್‌ಗೆ ಅಲ್ಲ. ಮಾತುಕತೆಯನ್ನು ಕದ್ದು ಕೇಳಿ ದಾಖಲಿಸಿಕೊಂಡವರು ಸಾಮಾನ್ಯ ಕಂಪ್ಯೂಟರ್‌ನಲ್ಲಿ ಎರಡು ಗಂಟೆಯಲ್ಲಿ ಅದನ್ನು ಬಿಡಿಸಬಹುದು ಅಂತ ಅಲ್ಲಿನ ತಜ್ಞರು ತೋರಿಸಿದರು.

ಇದಕ್ಕೆ ಉತ್ತರವಾಗಿ ಜರ್ಮನಿಯ ಮಾಹಿತಿ ಭದ್ರತಾ ಸಂಸ್ಥೆ ಪೇಸ್ ಎಂಬ ಹೊಸ ವಿಧಾನ ರೂಪಿಸಿತು. ಇದರಲ್ಲಿ ಕದ್ದು ಕೇಳಿದ್ದನ್ನು ಮನೆಗೆ ಒಯ್ದು ಊಹೆ ಮಾಡುತ್ತಾ ಕೂರುವುದು ಫಲ ಕೊಡುವುದಿಲ್ಲ. ಯುರೋಪಿಯನ್ ಒಕ್ಕೂಟ 2014ರ ಕೊನೆಯಿಂದ ಇದನ್ನು ಕಡ್ಡಾಯ ಮಾಡಿದೆ. ಹಳೆಯ ಯಂತ್ರಗಳಿಗಾಗಿ ಬಿಎಸಿಯನ್ನೂ ಜೊತೆಗೇ ಉಳಿಸಿಕೊಂಡ ಪಾಸ್‌ಪೋರ್ಟ್‌ಗಳು ಸಾಕಷ್ಟಿವೆ. ಅಂಥವುಗಳಲ್ಲಿ ಯಂತ್ರ ಹಳೆಯದಾದರೆ ಹಳೆಯ ಬೀಗದಲ್ಲೇ ಮಾತುಕತೆ ನಡೆಯುತ್ತದೆ.

ಪೇಸ್ ಕೂಡ ಮುಟ್ಟದ ಒಂದು ಕೊರತೆ ಇದೆ. ಕೀಲಿ ಪುಟದ ಮೇಲೆಯೇ ಅಚ್ಚಾಗಿದೆ ಅಂದ ಮೇಲೆ, ಆ ಪುಟದ ಜೆರಾಕ್ಸ್ ಯಾರ ಹತ್ತಿರವಿದೆಯೋ ಅವರ ಹತ್ತಿರ ಕೀಲಿಯೂ ಇದೆ. ಆ ಪುಟವನ್ನು ಎಷ್ಟು ಜನರಿಗೆ ಕೊಟ್ಟಿರುತ್ತೇವೆ ಅಂತ ಒಮ್ಮೆ ಯೋಚಿಸಿ. ಹೋಟೆಲ್, ಬ್ಯಾಂಕ್, ಸಿಮ್ ಅಂಗಡಿ, ವೀಸಾ ಏಜೆಂಟ್, ಬಾಡಿಗೆ ಕಾರಿನವರು. ಕೀಲಿ ಇದ್ದರೂ ಚಿಪ್ ಓದಲು ಪಾಸ್‌ಪೋರ್ಟ್ ಪಕ್ಕಕ್ಕೇ ಬರಬೇಕು ನಿಜ. ಆದರೆ ಬೀಗ ಹಾಕಿದ್ದೇ ಪಕ್ಕಕ್ಕೆ ಬಂದವರನ್ನು ತಡೆಯಲು ತಾನೇ? 2018ರಲ್ಲಿ ಬೆಳಕಿಗೆ ಬಂದ ಸ್ಟಾರ್‌ವುಡ್ ಹೋಟೆಲ್ ಬುಕಿಂಗ್ ವ್ಯವಸ್ಥೆಯ ಸೋರಿಕೆಯಲ್ಲಿ ಸುಮಾರು 52.5 ಲಕ್ಷ ಪಾಸ್‌ಪೋರ್ಟ್ ಸಂಖ್ಯೆಗಳು ಗೂಢಲಿಪಿಯ ರಕ್ಷಣೆಯೇ ಇಲ್ಲದೆ ಬಿದ್ದಿದ್ದವು ಅಂತ ಅದರ ಒಡೆತನದ ಮ್ಯಾರಿಯಟ್ ಕಂಪನಿಯೇ ಹೇಳಿತು. ಚಿಪ್ ಅಲ್ಲಿ ಏನೂ ತಪ್ಪು ಮಾಡಿರಲಿಲ್ಲ.

ಓದದೆಯೇ ಗುರುತು ಹಿಡಿಯುವ ದಾರಿಗಳೂ ಇವೆ. ಚಿಪ್ ಪ್ರತಿ ಸಲ ಎಚ್ಚರಗೊಂಡಾಗ ಹೊಸ ಗುರುತಿನ ಸಂಖ್ಯೆ ಹೇಳುವಂತೆ ಮಾಡಿ ಹಿಂಬಾಲಿಸುವವರ ಜಾಡು ತಪ್ಪಿಸುವ ವ್ಯವಸ್ಥೆ ಬಹುತೇಕ ಪಾಸ್‌ಪೋರ್ಟ್‌ಗಳಲ್ಲಿದೆ. ಆದರೆ ಅರ್ಥವಿಲ್ಲದ ಆದೇಶ ಕಳಿಸಿದಾಗ ಒಂದೊಂದು ದೇಶದ ಚಿಪ್ ಒಂದೊಂದು ಥರ ದೋಷಸಂದೇಶ ಕೊಡುತ್ತದೆ. ಅಷ್ಟರಿಂದಲೇ ಅದು ಯಾವ ದೇಶದ್ದು ಅಂತ ಹೇಳಬಹುದು ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2008ರಲ್ಲಿ ತೋರಿಸಿದರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2010ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಂದೆ ದಾಖಲಿಸಿಟ್ಟ ಒಂದು ಸಂದೇಶವನ್ನು ಮತ್ತೆ ಕಳಿಸಿದಾಗ, ಅದು ತನ್ನದೇ ಹಳೆಯ ಮಾತುಕತೆಯದಾದರೆ ಚಿಪ್ ಉತ್ತರಿಸಲು ಒಂದು ಕ್ಷಣ ಜಾಸ್ತಿ ತೆಗೆದುಕೊಳ್ಳುತ್ತದೆ. ಬೀಗ ಒಡೆಯದೆ, ಹೆಸರು ಗೊತ್ತಾಗದೆ, "ಅದೇ ಪಾಸ್‌ಪೋರ್ಟ್ ಮತ್ತೆ ಬಂತು" ಅಂತ ತಿಳಿಯಲು ಅಷ್ಟು ಸಾಕು. ಪ್ರಯೋಗಾಲಯದ ಚಳಕ ಅಂತ ಇದನ್ನು ತಳ್ಳಿಹಾಕುವವರಿದ್ದಾರೆ. ಸಾಮಾನ್ಯ ಪ್ರವಾಸಿಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಬೆನ್ನ ಹಿಂದೆ ಸರ್ಕಾರವೇ ಬಿದ್ದಿರುವ ಪತ್ರಕರ್ತರ ವಿಷಯದಲ್ಲಿ ಅಷ್ಟು ಸಲೀಸಾಗಿ ಒಪ್ಪಲಾರೆ.

ಸಹಿಯೇ ಸಾಕ್ಷಿಯಾದಾಗ

ಸರ್ಕಾರದ ಡಿಜಿಟಲ್ ಸಹಿ ಇರುವುದು ಭದ್ರತೆಗೆ. ಚಿಪ್‌ನಲ್ಲಿರುವ ಫೋಟೊ, ಹೆಸರನ್ನು ಯಾರೂ ತಿದ್ದಿಲ್ಲ ಅಂತ ಅದು ಖಾತ್ರಿ ಕೊಡುತ್ತದೆ. ಅದರ ಮತ್ತೊಂದು ಮುಖದ ಬಗ್ಗೆ ಮಾತೇ ಕಡಿಮೆ. ಜೆರಾಕ್ಸ್ ಪ್ರತಿ ಕಳುವಾದರೆ, ಅದು ಅಸಲಿಯೋ ಯಾರೋ ಕೂತು ತಯಾರಿಸಿದ್ದೋ ಅಂತ ಅನುಮಾನ ಪಡಬಹುದು. ಚಿಪ್‌ನಿಂದ ತೆಗೆದ ಮಾಹಿತಿ ಸೋರಿಹೋದರೆ ಆ ಅನುಮಾನಕ್ಕೂ ಜಾಗವಿಲ್ಲ. ಸಹಿ ಪರೀಕ್ಷಿಸಲು ಬೇಕಾದ ಹಲವು ದೇಶಗಳ ಪ್ರಮಾಣಪತ್ರಗಳು ಸಾರ್ವಜನಿಕವಾಗಿಯೇ ಸಿಗುತ್ತವೆ. ಕದ್ದ ಮಾಲನ್ನು ಕೊಳ್ಳುವವನು ಕೂತಲ್ಲಿಂದಲೇ "ಇದು ಸರ್ಕಾರವೇ ಸಹಿ ಮಾಡಿದ ನಿಜವಾದ ಹೆಸರು, ನಿಜವಾದ ಮುಖ" ಅಂತ ಖಚಿತ ಮಾಡಿಕೊಳ್ಳಬಹುದು. ಪಾಸ್‌ಪೋರ್ಟ್ ರದ್ದಾಗಬಹುದು, ಅವಧಿ ಮುಗಿಯಬಹುದು. ಹುಟ್ಟಿದ ದಿನ ಬದಲಾಗುವುದಿಲ್ಲ, ಮುಖವೂ ಅಷ್ಟು ಬೇಗ ಬದಲಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ಚಿಪ್ಪೇ ನಕಲಿ ಅಲ್ಲ ಅಂತ ಪರೀಕ್ಷಿಸಲು ಕೆಲವು ದೇಶಗಳು ಒಂದು ವಿಧಾನ ಬಳಸುತ್ತವೆ. ಯಂತ್ರ ಒಂದು ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ, ಯಾರೂ ಹೊರತೆಗೆಯಲಾಗದ ಗುಟ್ಟಿನ ಕೀಲಿಯಿಂದ ಅದಕ್ಕೆ ಸಹಿ ಹಾಕಿ ವಾಪಸ್ ಕೊಡುತ್ತದೆ. ನಕಲು ಚಿಪ್‌ಗೆ ಆ ಕೀಲಿ ಇರುವುದಿಲ್ಲ, ಸಿಕ್ಕಿಬೀಳುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಯಂತ್ರ ಕಳಿಸಿದ ಸಂಖ್ಯೆ ಸುಮ್ನೆ ಆರಿಸಿದ್ದೋ, ಒಳಗೆ ಏನಾದರೂ ಅಡಗಿಸಿಟ್ಟದ್ದೋ ಅಂತ ಚಿಪ್‌ಗೆ ತಿಳಿಯದು. ಇವತ್ತಿನ ದಿನಾಂಕ, ಗಂಟೆ, ಸ್ಥಳವನ್ನು ಸೇರಿಸಿ, ಅದಕ್ಕೆ ತನ್ನ ಸಹಿಯನ್ನೂ ಹಾಕಿ, ಆ ಸಂಖ್ಯೆಯೊಳಗೆ ತುರುಕಿ ಕಳಿಸಿದರೂ ಚಿಪ್ ಕಣ್ಣುಮುಚ್ಚಿ ಸಹಿ ಹಾಕುತ್ತದೆ. ಈಗ ಯಂತ್ರದ ಒಡೆಯನ ಕೈಯಲ್ಲಿ ಏನಿದೆ? ಈ ಪಾಸ್‌ಪೋರ್ಟ್ ಇಂಥ ಹೊತ್ತಿನಲ್ಲಿ ಇಂಥ ಕಡೆ ಇತ್ತು ಎಂಬುದಕ್ಕೆ, ಮೂರನೆಯವರ ಮುಂದೆಯೂ ಇಡಬಹುದಾದ ಪುರಾವೆ. ಒಬ್ಬ ಅಧಿಕಾರಿ ದಾಖಲೆ ಪುಸ್ತಕದಲ್ಲಿ ಬರೆದುಕೊಂಡರೆ ಅದು ಅವರ ಮಾತು. ಇಲ್ಲಿ ನಮ್ಮ ಪಾಸ್‌ಪೋರ್ಟ್ ನಮ್ಮ ಬಗ್ಗೆಯೇ ಸಾಕ್ಷಿ ಹೇಳುತ್ತದೆ, ಅದೂ ನಮಗೆ ಹೇಳದೆ ಕೇಳದೆ.

ಜರ್ಮನಿ ಈ ವಿಧಾನವನ್ನು ಒಲ್ಲೆ ಅಂದದ್ದು ಇದೇ ಕಾರಣಕ್ಕೆ. ಅದು ಬಳಸುವ ವಿಧಾನದಲ್ಲಿ ಚಿಪ್ ಅಸಲಿ ಎಂದು ಎದುರಿಗಿರುವ ಯಂತ್ರಕ್ಕೆ ಮನವರಿಕೆ ಆಗುತ್ತದೆ, ಆದರೆ ಬೇರೆಯವರಿಗೆ ತೋರಿಸಲು ಯಾವ ಪುರಾವೆಯೂ ಉಳಿಯುವುದಿಲ್ಲ. ಅದೇ ಕೆಲಸ, ಅಷ್ಟೇ ಭದ್ರತೆ, ಖಾಸಗಿತನಕ್ಕೆ ಕಡಿಮೆ ಪೆಟ್ಟು. "ಭದ್ರತೆ ಬೇಕಾದರೆ ಖಾಸಗಿತನ ಬಿಟ್ಟುಕೊಡಿ" ಎಂಬ ವಾದ ಕೇಳಿದಾಗಲೆಲ್ಲ ನನಗೆ ಈ ಎರಡು ವಿಧಾನಗಳು ನೆನಪಾಗುತ್ತವೆ. ಆಯ್ಕೆ ಮಾಡಿದವರು ತಲೆ ಓಡಿಸಿದರೆ ಏನನ್ನೂ ಬಿಟ್ಟುಕೊಡಬೇಕಿರಲಿಲ್ಲ.

ಬಿಟ್ಟುಕೊಟ್ಟದ್ದಕ್ಕೆ ಭದ್ರತೆಯಾದರೂ ಸಿಕ್ಕಿತಾ ಅಂದರೆ, ಅಲ್ಲೂ ಎಡವಟ್ಟು. 2008ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಿಪೋಲ್ ವಿಮಾನ ನಿಲ್ದಾಣದ ಸ್ವಯಂಸೇವಾ ಯಂತ್ರವೊಂದು ಎಂದೋ ತೀರಿಹೋದ ಗಾಯಕ ಎಲ್ವಿಸ್ ಪ್ರೆಸ್ಲಿ ಹೆಸರಿನ, ಆತನ ಫೋಟೊ ಇದ್ದ ನಕಲಿ ಚಿಪ್ಪನ್ನು ತಕರಾರಿಲ್ಲದೆ ಓದಿ ತೋರಿಸಿತು. ಸಹಿ ಇತ್ತು, ಯಾರದ್ದು ಅಂತ ಯಂತ್ರ ನೋಡಲಿಲ್ಲ. 2018ರ ಫೆಬ್ರವರಿಯಲ್ಲಿ ರಾನ್ ವೈಡನ್ ಮತ್ತು ಕ್ಲೇರ್ ಮೆಕಾಸ್ಕಿಲ್ ಎಂಬ ಇಬ್ಬರು ಅಮೆರಿಕನ್ ಸೆನೆಟರ್‌ಗಳು ತಮ್ಮ ಗಡಿ ಸಂಸ್ಥೆಗೆ ಪತ್ರ ಬರೆದರು. ಒಂದು ದಶಕದಿಂದ ಚಿಪ್ ಓದುತ್ತಿದ್ದೀರಿ, ಸಹಿಯನ್ನು ಪರೀಕ್ಷಿಸುವ ಸಾಫ್ಟ್‌ವೇರ್ ಮಾತ್ರ ನಿಮ್ಮಲ್ಲಿಲ್ಲ ಎಂಬುದು ಪತ್ರದ ಸಾರ. ಪ್ರಪಂಚದ ಮೇಲೆಲ್ಲ ಚಿಪ್ ಪಾಸ್‌ಪೋರ್ಟ್‌ಗಾಗಿ ಒತ್ತಡ ಹಾಕಿದ ದೇಶದ ಕಥೆ ಇದು.

ಬೆರಳಚ್ಚು ಎಲ್ಲಿ ಉಳಿಯುತ್ತದೆ

ಯುರೋಪ್‌ನಲ್ಲಿ 2009ರ ಜೂನ್‌ನಿಂದ ಪಾಸ್‌ಪೋರ್ಟ್‌ಗೆ ಬೆರಳಚ್ಚು ಕಡ್ಡಾಯವಾಯಿತು. ಚಿಪ್‌ನಲ್ಲಿ ಅದಕ್ಕೆ ಇನ್ನೂ ಗಟ್ಟಿಯಾದ ಪ್ರತ್ಯೇಕ ಬೀಗವಿದೆ. ಪಾಸ್‌ಪೋರ್ಟ್ ಕೊಟ್ಟ ದೇಶ ಅನುಮತಿ ಪತ್ರ ಕೊಟ್ಟ ಯಂತ್ರಕ್ಕೆ ಮಾತ್ರ ಬೆರಳಚ್ಚು ಸಿಗುತ್ತದೆ. ಫೋನಿನ ಆ್ಯಪ್‌ಗೆ ಸಿಗುವುದಿಲ್ಲ. ಇಷ್ಟರ ಮಟ್ಟಿಗೆ ಒಳ್ಳೆಯ ವಿನ್ಯಾಸ.

ಜಗಳ ನಡೆದದ್ದು ಚಿಪ್‌ನ ಹೊರಗೆ. ಚಿಪ್‌ಗೆ ತುಂಬಲು ತೆಗೆದುಕೊಂಡ ಬೆರಳಚ್ಚನ್ನು ಕಚೇರಿಯವರು ಅಳಿಸಬೇಕೋ, ಇಟ್ಟುಕೊಳ್ಳಬಹುದೋ? ಜರ್ಮನಿಯ ಪಾಸ್‌ಪೋರ್ಟ್ ಕಾನೂನು ಇಡೀ ದೇಶದ ಬಯೋಮೆಟ್ರಿಕ್ ಡೇಟಾಬೇಸ್ ಮಾಡಕೂಡದು ಅನ್ನುತ್ತದೆ. ನೆದರ್ಲೆಂಡ್ಸ್ ಇಟ್ಟುಕೊಳ್ಳಲು ಹೊರಟು, ವಿರೋಧ ಜೋರಾದ ಮೇಲೆ 2011ರಲ್ಲಿ ಕೈಬಿಟ್ಟಿತು. 2013ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಪಾಸ್‌ಪೋರ್ಟ್‌ನಲ್ಲಿ ಬೆರಳಚ್ಚು ಇರುವುದು ಸರಿ ಎಂದಿತು. ಆದರೆ ಅದೇ ನಿಯಮವನ್ನು ತೋರಿಸಿ ಎಲ್ಲರ ಬೆರಳಚ್ಚನ್ನೂ ಒಂದೆಡೆ ಕೂಡಿಡುವಂತಿಲ್ಲ ಎಂದೂ ಹೇಳಿತು. ಅಂದರೆ ಮಾಹಿತಿ ಪ್ರಯಾಣಿಕರ ಕೈಯಲ್ಲಿರುವ ಪುಸ್ತಕದಲ್ಲಿ ಇರಬಹುದು. ಸರ್ವರ್‌ನಲ್ಲಿ ಇಡಬೇಕಾದರೆ ಬೇರೆ ಕಾನೂನಿನ ಆಧಾರ ತೋರಿಸಬೇಕು.

ಈ ವ್ಯತ್ಯಾಸ ಈಗ ಗಡಿಗಳಲ್ಲಿ ಸದ್ದಿಲ್ಲದೆ ಕರಗುತ್ತಿದೆ. 2025ರ ಅಕ್ಟೋಬರ್ 12ರಂದು ಯುರೋಪ್‌ನ ಷೆಂಗೆನ್ ಗಡಿಗಳಲ್ಲಿ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಶುರುವಾಯಿತು. ಅಲ್ಪಾವಧಿಗೆ ಬರುವ ಹೊರದೇಶದವರ ಪಾಸ್‌ಪೋರ್ಟ್ ವಿವರ, ಮುಖದ ಚಿತ್ರ, ಬೆರಳಚ್ಚು, ಬಂದು ಹೋದ ದಿನಗಳು ಅದರಲ್ಲಿ ಸಾಮಾನ್ಯವಾಗಿ ಮೂರು ವರ್ಷ ಉಳಿಯುತ್ತವೆ. ಹಿಂದೆ ಮೊಹರು ಬೀಳುತ್ತಿದ್ದದ್ದು ನಮ್ಮ ಪುಸ್ತಕದ ಮೇಲೆ. ಈಗ ದಾಖಲೆ ಅವರ ಸರ್ವರ್‌ನಲ್ಲಿ.

ಸರ್ವರ್ ಅಂದ ಮೇಲೆ ಗುತ್ತಿಗೆದಾರರು ಇದ್ದೇ ಇರುತ್ತಾರೆ. 2019ರಲ್ಲಿ ಅಮೆರಿಕದ ಗಡಿ ಸಂಸ್ಥೆಯ ಉಪಗುತ್ತಿಗೆ ಕಂಪನಿಯೊಂದು ಮುಖ ಗುರುತಿಸುವ ಪ್ರಯೋಗದ ಫೋಟೊಗಳನ್ನು ಅನುಮತಿ ಇಲ್ಲದೆ ತನ್ನ ಕಂಪ್ಯೂಟರ್‌ಗೆ ಸಾಗಿಸಿಕೊಂಡಿತ್ತು. ಅಲ್ಲಿಂದ ಅವು ಕಳ್ಳರ ಪಾಲಾದವು. ಸುಮಾರು 1,84,000 ಪ್ರಯಾಣಿಕರ ಚಿತ್ರಗಳು ಅದರಲ್ಲಿದ್ದವು ಎಂದು ಮರುವರ್ಷದ ಸರ್ಕಾರಿ ತನಿಖಾ ವರದಿ ಹೇಳಿತು. ಅದರಲ್ಲಿ ಕನಿಷ್ಠ 19 ಡಾರ್ಕ್ ವೆಬ್‌ನಲ್ಲಿ ಕಾಣಿಸಿಕೊಂಡವು.

ಹಾಗಾದರೆ ನಾವೇನು ಮಾಡಬಹುದು? ಅಲೆ ತಡೆಯುವ ಕವರ್‌ಗಳ ವ್ಯಾಪಾರ ಜೋರಾಗಿದೆ. ಅವು ಕೆಲಸ ಮಾಡುತ್ತವೆ, ಆದರೆ ಪಾಸ್‌ಪೋರ್ಟ್‌ಗೆ ಅವುಗಳಿಂದ ಸಿಗುವ ಲಾಭ ಕಡಿಮೆ. ಮೈಕ್ರೊವೇವ್‌ನಲ್ಲಿಟ್ಟು ಚಿಪ್ ಸುಟ್ಟುಬಿಡಿ ಎಂಬ ಹಳೆಯ ಸಲಹೆ ಮಾತ್ರ ಬೇಡವೇ ಬೇಡ. ಪುಸ್ತಕ ಸುಟ್ಟ ಗುರುತು ಬಿಡುತ್ತದೆ, ಬೇಕೆಂದೇ ಪ್ರಯಾಣದ ದಾಖಲೆ ಕೆಡಿಸಿದ ಆರೋಪವೂ ಮೈಮೇಲೆ ಬರುತ್ತದೆ. ಅದಕ್ಕಿಂತ, ಜೆರಾಕ್ಸ್ ಕೇಳುವವರಿಗೆ ಕೆಳಗಿನ ಎರಡು ಸಾಲುಗಳನ್ನೂ, ಮೇಲೆ ಅಚ್ಚಾಗಿರುವ ಹುಟ್ಟಿದ ದಿನ ಮತ್ತು ಅವಧಿ ಮುಗಿಯುವ ದಿನವನ್ನೂ ಮುಚ್ಚಿದ ಪ್ರತಿ ಸಾಕಾಗುತ್ತದಾ ಅಂತ ಕೇಳುವುದು ಮೇಲು. ಎಷ್ಟೋ ಕಡೆ ಹೆಸರು ಮತ್ತು ಸಂಖ್ಯೆ ಬರೆದುಕೊಂಡರೆ ಕಾನೂನಿನ ಕೆಲಸ ಮುಗಿಯುತ್ತದೆ. ಆ್ಯಪ್ ಒಂದು ಚಿಪ್ ಸ್ಕ್ಯಾನ್ ಮಾಡಿ ಅಂದರೆ, ಫೋಟೊ ಅದರ ಸರ್ವರ್‌ಗೆ ಹೋಗುತ್ತದೋ ಫೋನ್‌ನಲ್ಲೇ ಉಳಿಯುತ್ತದೋ ಅಂತ ಮೊದಲು ಓದಿಕೊಳ್ಳಬೇಕು.

ಈ ಕೊನೆಯ ಪ್ರಶ್ನೆ ಬೇಗನೆ ದೊಡ್ಡದಾಗಲಿದೆ. ಚಿಪ್‌ನ ಮಾಹಿತಿಯನ್ನೇ ಫೋನ್‌ಗೆ ಇಳಿಸಿಕೊಂಡು, ಪ್ರಯಾಣಕ್ಕೆ ಮೊದಲೇ ಗಡಿ ಪೊಲೀಸರಿಗೆ ಕಳಿಸುವ ಡಿಜಿಟಲ್ ಪ್ರಯಾಣ ದಾಖಲೆಗೆ ಐಸಿಎಒ ನಿಯಮ ರೂಪಿಸಿದೆ. ಫಿನ್ಲೆಂಡ್ 2023ರ ಆಗಸ್ಟ್‌ನಲ್ಲಿ ಹೆಲ್ಸಿಂಕಿ ವಿಮಾನ ನಿಲ್ದಾಣದಲ್ಲಿ ಇದರ ಪ್ರಯೋಗ ಶುರು ಮಾಡಿತು. ಮರುವರ್ಷ ಯುರೋಪಿಯನ್ ಆಯೋಗ ಇಡೀ ಒಕ್ಕೂಟಕ್ಕೆ ಇಂಥದ್ದೊಂದು ಆ್ಯಪ್ ಇರಲಿ ಎಂಬ ಪ್ರಸ್ತಾವ ಮುಂದಿಟ್ಟಿತು. ಪಾಸ್‌ಪೋರ್ಟ್ ಚಿಪ್‌ಗೆ ಅರ್ಧ ಮಾಹಿತಿ ಕೊಡುವುದು ಗೊತ್ತಿಲ್ಲ. ಬೀಗ ತೆರೆದರೆ ಹೆಸರು, ಹುಟ್ಟಿದ ದಿನ, ಮುಖ ಎಲ್ಲ ಒಟ್ಟಿಗೇ ಸಿಗುತ್ತವೆ. ಗಡಿಯಲ್ಲಿ ಅಷ್ಟೂ ಬೇಕು, ಕೊಡೋಣ. ಆದರೆ ಅದೇ ದಾಖಲೆಯನ್ನು ವಯಸ್ಸು ಕೇಳುವ ವೆಬ್‌ಸೈಟ್‌ಗೂ, ಹೋಟೆಲ್ ಕೌಂಟರ್‌ಗೂ ತೋರಿಸುವ ದಿನ ಬಂದರೆ ಅಷ್ಟೂ ಕೊಡಬೇಕಾಗುತ್ತದೆ. ಜರ್ಮನಿಯ ಗುರುತಿನ ಚೀಟಿಯ ಚಿಪ್ 2010ರಿಂದಲೇ ಹುಟ್ಟಿದ ದಿನ ಹೇಳದೆ "18 ದಾಟಿದೆ" ಅಂತಷ್ಟೇ ಉತ್ತರ ಕೊಡಬಲ್ಲದು. ಮೊಬೈಲ್ ಚಾಲನಾ ಪರವಾನಗಿಯ ಅಂತರರಾಷ್ಟ್ರೀಯ ನಿಯಮದಲ್ಲೂ ಬೇಕಾದಷ್ಟನ್ನೇ ತೋರಿಸುವ ಸೌಲಭ್ಯವಿದೆ. ಪಾಸ್‌ಪೋರ್ಟ್ ಫೋನಿಗೆ ಇಳಿಯುವ ಹೊತ್ತಿಗೆ ಅದಕ್ಕೂ ಈ ಸೌಲಭ್ಯ ಸೇರಿಸಿ ಅಂತ ಪಟ್ಟು ಹಿಡಿಯಲು ಇದೇ ಸಮಯ. ನಿಯಮಗಳು ಇನ್ನೂ ಕರಡಿನ ಹಂತದಲ್ಲಿರುವ ದೇಶಗಳಲ್ಲಿ 2005ರ ಆ 2,335 ಪತ್ರಗಳಂಥವಕ್ಕೆ ಈಗಲೂ ಬೆಲೆ ಇದೆ.